ಓದಿದ್ದನ್ನು ಬರೆಯಲೇಬೇಕೆಂಬ ಯೋಚನೆ ಓದನ್ನೇ ಬದಲಿಸುತ್ತದೆಯೇ?

ಪ್ರಶ್ನೆ: ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ವಿಜ್ಞಾನ ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿನಿ. ಪ್ರೌಢಶಾಲೆಯ ದಿನಗಳಿಂದಲೂ ಕತೆ, ಕಾದಂಬರಿಗಳನ್ನು ಓದುತ್ತ ಬಂದಿದ್ದೇನೆ. ಕಾಲೇಜಿಗೆ ಸೇರಿದ ಮೇಲೆ, ಓದಿ ಮುಗಿಸಿದ ಪ್ರತಿಯೊಂದು ಪುಸ್ತಕದ ಕುರಿತೂ ಒಂದೆರಡು ಪುಟ ಬರೆದು, ಓದಿನಲ್ಲಿ ಆಸಕ್ತಿಯಿರುವ ಗೆಳತಿಯರೊಡನೆ ಹಂಚಿಕೊಳ್ಳುವ ಅಭ್ಯಾಸವನ್ನೂ ಬೆಳೆಸಿಕೊಂಡಿದ್ದೇನೆ. ಈ ಎರಡು ಅಭ್ಯಾಸಗಳು ಒಂದಕ್ಕೊಂದು ನೆರವಾಗುತ್ತಿವೆಯೋ ಒಂದನ್ನೊಂದು ಕೆಡಿಸುತ್ತಿವೆಯೋ ಎಂಬ ಪ್ರಶ್ನೆ ಈಚೆಗೆ ಕಾಡುತ್ತಿರುವುದರಿಂದ, ನನಗಿಂತ ಹೆಚ್ಚು ಓದಿದವರನ್ನು ಕೇಳೋಣವೆನಿಸಿತು.

ಬರೆಯುವುದರಿಂದ ನನಗೆ ಸಿಕ್ಕಿದ್ದು ಕಡಿಮೆಯೇನಲ್ಲ. ತೇಜಸ್ವಿಯವರ ‘ಕರ್ವಾಲೊ’ವನ್ನು ಮೊದಲ ಸಲ ಓದಿದಾಗ ಹಾರುವ ಓತಿಯ ಹುಡುಕಾಟವೇ ನನ್ನನ್ನು ಹಿಡಿದಿಟ್ಟಿತ್ತು. ಅದರ ಬಗ್ಗೆ ಬರೆಯಲು ಕುಳಿತಾಗಲಷ್ಟೇ ಮಂದಣ್ಣ ದೊಡ್ಡದಾಗಿ ಕಾಣತೊಡಗಿದ. ಊರಿನವರ ಕಣ್ಣಿಗೆ ಯಾವ ಕೆಲಸಕ್ಕೂ ಬಾರದ, ಒಂದು ಪ್ಯೂನ್ ಕೆಲಸ ಸಿಕ್ಕರೆ ಸಾಕೆಂದುಕೊಂಡಿರುವ ಆ ಹಳ್ಳಿಯ ಹುಡುಗನಲ್ಲಿ ವಿಜ್ಞಾನಿಯೊಬ್ಬರು ಹುಟ್ಟಾ ನಿಸರ್ಗ ವೀಕ್ಷಕನನ್ನು ಗುರುತಿಸುತ್ತಾರೆ ಎಂಬುದು, ವಿಜ್ಞಾನವನ್ನು ಅಂಕಪಟ್ಟಿಯಲ್ಲಿಯೇ ಅಳೆಯಲು ಕಲಿತ ನಮ್ಮಂಥವರಿಗೆ ಸಣ್ಣ ಮಾತಲ್ಲ. ಓದುವಾಗ ನಗುತ್ತ ದಾಟಿಹೋಗಿದ್ದ ಪ್ರಸಂಗಗಳು ಬರೆಯುವಾಗ ಮತ್ತೆ ಎದುರು ಬಂದು ನಿಂತವು.

ತೊಡಕು ಶುರುವಾದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೈಗೆತ್ತಿಕೊಂಡ ಮೇಲೆ. ಏಳುನೂರು ಪುಟಗಳನ್ನು ಮೀರಿದ ಈ ಕಾದಂಬರಿಯನ್ನು ಓದುತ್ತಿರುವಾಗಲೇ ನನ್ನ ಮನಸ್ಸು, ಮುಂದೆ ಬರೆಯಬೇಕಾದ ಪುಟಗಳಿಗೆ ವಾಕ್ಯಗಳನ್ನು ಜೋಡಿಸಲು ಹೊರಡುತ್ತದೆ. ಜಾತಿಯ ವಿಚಾರ ಬಂದರೆ ಅದನ್ನು ಗುರುತು ಹಾಕಿಕೊಳ್ಳುತ್ತೇನೆ. ಪಾದ್ರಿಗಳ ಪ್ರಸಂಗ ಬಂದರೆ ಅದನ್ನೂ ಗುರುತು ಹಾಕಿಕೊಳ್ಳುತ್ತೇನೆ. ಕಾಡಿನ ದಾರಿ, ಮಳೆ, ಜಿಗಣೆ, ಹಕ್ಕಿಯ ಕೂಗು ಇವೆಲ್ಲ ಬರುವ ಪುಟಗಳಲ್ಲಿ, ಬರೆಯಲು ಏನೂ ಸಿಗುವುದಿಲ್ಲವೆಂದು ಕಣ್ಣು ತಾನಾಗಿಯೇ ಬೇಗ ಸಾಗುತ್ತದೆ. ಆದರೆ ತೀರ್ಥಹಳ್ಳಿಯ ಕಡೆಯ ಆ ಮಲೆಗಳೇ ಇಲ್ಲದೆ ಈ ಕಾದಂಬರಿ ಎಲ್ಲಿದೆ? ಒಬ್ಬ ನಾಯಕನನ್ನೋ ಒಂದೇ ಕತೆಯನ್ನೋ ಹಿಡಿದು ಹೋಗಲಾಗದ ಪುಸ್ತಕವನ್ನು ಎರಡು ಪುಟಗಳಲ್ಲಿ ಹೇಳುವುದು ಹೇಗೆ ಎಂಬುದೂ ತಿಳಿಯುತ್ತಿಲ್ಲ.

ಇದರ ಜೊತೆಗೆ ಲೆಕ್ಕದ ವಿಚಾರವೂ ಇದೆ. ನನ್ನ ಓರಗೆಯ ಹಲವರು ವರ್ಷದ ಆರಂಭದಲ್ಲಿಯೇ ಇಷ್ಟು ಪುಸ್ತಕ ಓದುತ್ತೇನೆಂದು ಗುರಿಯಿಟ್ಟುಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ‘ಮಲೆಗಳಲ್ಲಿ ಮದುಮಗಳು’ ಕೂಡ ಒಂದೇ, ನೂರು ಪುಟದ ಕಿರುಕಾದಂಬರಿಯೂ ಒಂದೇ. ಬರೆಯುವುದನ್ನು ನಿಲ್ಲಿಸಿ ಬರೀ ಓದಲೇ? ಅಥವಾ ಬರೆಯುವ ಕ್ರಮವನ್ನೇ ಬದಲಿಸಿಕೊಳ್ಳಲೇ? ದಯವಿಟ್ಟು ತಿಳಿಸಿ.

ಉತ್ತರ: ಕನ್ನಡ ಅಧ್ಯಾಪಕ, ಧಾರವಾಡ

ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. ತನ್ನ ಕಣ್ಣು ಯಾವ ಪುಟದಲ್ಲಿ ಬೇಗ ಸಾಗುತ್ತಿದೆ ಎಂಬುದನ್ನು ಗಮನಿಸಬಲ್ಲ ಓದುಗ ಆಗಲೇ ಬಹಳ ದೂರ ಬಂದಿರುತ್ತಾನೆ. ನಿಮಗೆ ತೊಂದರೆ ಕೊಡುತ್ತಿರುವುದು ಬರೆಯುವ ಅಭ್ಯಾಸವಲ್ಲ, ನಾವೆಲ್ಲ ಶಾಲೆಯಲ್ಲಿ ಕಲಿತ ಒಂದು ಬಗೆಯ ಬರವಣಿಗೆ ಎಂಬುದು ನನ್ನ ಅಭಿಪ್ರಾಯ. ಕಥಾಸಾರಾಂಶ, ಪಾತ್ರಚಿತ್ರಣ, ಕೃತಿಯ ಆಶಯ, ಕೊನೆಗೊಂದು ತೀರ್ಪು: ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅಂಕ ತಂದುಕೊಡುವ ಈ ಅಚ್ಚು ಪರೀಕ್ಷೆ ಮುಗಿದ ಮೇಲೂ ನಮ್ಮನ್ನು ಬಿಡುವುದಿಲ್ಲ. ಇಡೀ ಪುಸ್ತಕದ ಬಗ್ಗೆ ಹೇಳಲೇಬೇಕೆಂದು ಹೊರಟವನು ಓದುವಾಗಲೇ ಹೇಳಬಹುದಾದದ್ದನ್ನು ಮಾತ್ರ ಆಯ್ದುಕೊಳ್ಳುತ್ತಾನೆ; ಉಳಿದದ್ದು ಅವನಿಗೆ ಕಾಣುವುದೇ ಇಲ್ಲ.

ಹಾಗಾಗಿ ಪುಸ್ತಕದ ಬಗ್ಗೆ ಬರೆಯಬೇಡಿ. ಪುಸ್ತಕದ ಒಂದು ಜಾಗದ ಬಗ್ಗೆ ಬರೆಯಿರಿ. ನೀವು ಓದುತ್ತಿರುವ ಕಾದಂಬರಿಯಿಂದಲೇ ಹೇಳುವುದಾದರೆ, ಗುತ್ತಿಯ ನಾಯಿ ಹುಲಿಯನನ್ನು ಹಿಡಿದುಕೊಳ್ಳಿ. ಕಾದಂಬರಿ ಆರಂಭವಾಗುವಾಗ ಗುತ್ತಿಯ ಜೊತೆಗೆ ಹೆಜ್ಜೆ ಹಾಕುವ ಆ ನಾಯಿ ಎಲ್ಲೆಲ್ಲಿ ಬರುತ್ತದೆ, ಬಂದಾಗಲೆಲ್ಲ ಕುವೆಂಪು ಅದರ ಬಗ್ಗೆ ಎಷ್ಟು ಹೊತ್ತು ನಿಲ್ಲುತ್ತಾರೆ, ಮನುಷ್ಯರ ವಿಷಯದಲ್ಲಿ ತೋರುವ ಅದೇ ಗಮನವನ್ನು ಅದಕ್ಕೂ ಹೇಗೆ ಕೊಡುತ್ತಾರೆ ಎಂಬುದನ್ನಷ್ಟೇ ನೋಡುತ್ತ ಹೋಗಿ. ಕೊನೆಯಲ್ಲಿ ಅದಕ್ಕೆ ಏನಾಗುತ್ತದೆಂಬುದನ್ನು ನೀವು ಇನ್ನೂ ಓದಿರಲಿಕ್ಕಿಲ್ಲವಾದ್ದರಿಂದ ಇಲ್ಲಿ ಹೇಳುವುದಿಲ್ಲ. ಈ ಒಂದು ಎಳೆಯನ್ನು ನಂಬಿಕೆಯಿಂದ ಹಿಂಬಾಲಿಸಿದವರಿಗೆ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಲೇಖಕರು ಆರಂಭದಲ್ಲಿಯೇ ಹೇಳಿದ್ದು ಘೋಷಣೆಯಾಗಿ ಉಳಿಯದೆ ಅನುಭವವಾಗಿ ದಕ್ಕುತ್ತದೆ. ಕಾಡಿನ ದಾರಿಯ ಪುಟಗಳೂ ಆಗ ತಾವಾಗಿಯೇ ನಿಮ್ಮ ಓದಿಗೆ ಸೇರಿಕೊಳ್ಳುತ್ತವೆ, ಏಕೆಂದರೆ ನಾಯಿ ನಡೆಯುವುದು ಆ ದಾರಿಯಲ್ಲಿಯೇ.

ಎರಡನೆಯದಾಗಿ, ಓದಿ ಮುಗಿಸಿದ ದಿನವೇ ಬರೆಯಬೇಡಿ. ಕೆಲವು ವಾರಗಳು ಹೋಗಲಿ. ಆಗಲೂ ನೆನಪಿನಲ್ಲಿ ನಿಂತಿರುವ ದೃಶ್ಯ ಯಾವುದೋ ಅದನ್ನು ಮತ್ತೊಮ್ಮೆ ಪುಸ್ತಕದಲ್ಲಿ ತೆರೆದು ಓದಿ, ನೆನಪಿಗೂ ಪುಟಕ್ಕೂ ಇರುವ ವ್ಯತ್ಯಾಸದಿಂದ ಬರಹವನ್ನು ಆರಂಭಿಸಿ. ಇನ್ನೊಂದು ಸಣ್ಣ ಅಭ್ಯಾಸ ನನಗೆ ಬಹಳ ಉಪಯೋಗಕ್ಕೆ ಬಂದಿದೆ: ಇಷ್ಟವಾದ ಒಂದು ಪರಿಚ್ಛೇದವನ್ನು ಕೈಬರಹದಲ್ಲಿ ನಕಲು ಮಾಡಿಕೊಳ್ಳುವುದು. ಕುವೆಂಪು ಅವರ ಒಂದು ವಾಕ್ಯ ಎಷ್ಟು ಉದ್ದ ಹರಿಯುತ್ತದೆ, ಶಿವರಾಮ ಕಾರಂತರ ವಾಕ್ಯ ಎಲ್ಲಿ ಥಟ್ಟನೆ ನಿಲ್ಲುತ್ತದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಎಲ್ಲ ಪುಸ್ತಕಗಳಿಗೂ ಒಂದೇ ವೇಗ ಸಲ್ಲದು ಎಂಬುದೂ ಆಗ ಸ್ಪಷ್ಟವಾಗುತ್ತದೆ. ಕಾರಂತರ ‘ಬೆಟ್ಟದ ಜೀವ’ವನ್ನು ಎರಡು ಸಂಜೆಗಳಲ್ಲಿ ಓದಿದರೂ ಗೋಪಾಲಯ್ಯನವರಿಗೆ ಅನ್ಯಾಯವಾಗುವುದಿಲ್ಲ; ನಿಮ್ಮ ಕೈಯಲ್ಲಿರುವ ಕಾದಂಬರಿ ಒಂದು ಮಳೆಗಾಲವನ್ನೇ ಕೇಳುತ್ತದೆ.

ಲೆಕ್ಕದ ವಿಷಯಕ್ಕೆ ಬಂದರೆ, ನಮ್ಮ ಊರಿನ ಮನೋಹರ ಗ್ರಂಥಮಾಲೆಯ ನೆನಪಾಗುತ್ತದೆ. ಜಿ.ಬಿ. ಜೋಶಿಯವರು 1933ರಲ್ಲಿ ಇದನ್ನು ಆರಂಭಿಸಿದಾಗ ಓದುಗರು ಚಂದಾದಾರರಾಗಿ ಸೇರಿ, ಗ್ರಂಥಮಾಲೆ ಹೊರತಂದ ಪುಸ್ತಕಗಳನ್ನು ಬರಮಾಡಿಕೊಳ್ಳುತ್ತಿದ್ದರು. ತಾವಾಗಿ ಎಂದೂ ಆರಿಸಿಕೊಳ್ಳದಿದ್ದ ಪುಸ್ತಕವೂ ಮನೆಗೆ ಬರುತ್ತಿತ್ತು, ಮನೆಯವರೆಲ್ಲರ ಕೈಯಲ್ಲೂ ಓಡಾಡುತ್ತಿತ್ತು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಪ್ರಕಟವಾದದ್ದು ಇಲ್ಲಿಂದಲೇ. ಅಂದಿನ ಚಂದಾದಾರರಿಗೆ ಅದು ಹೆಸರೇ ಕೇಳಿರದ ಒಬ್ಬ ಯುವಕನ ಪುಸ್ತಕ. ಎಷ್ಟು ಓದಿದೆವು ಎಂಬುದಕ್ಕಿಂತ, ನಮ್ಮ ರುಚಿಗೆ ಹೊರಗಿನದನ್ನು ಎಷ್ಟು ಓದಿದೆವು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಗುರಿಯೊಂದು ಬೇಕೇ ಬೇಕೆಂದರೆ ಈ ವರ್ಷ ಒಂದು ನಾಟಕ, ಒಂದು ಕವನ ಸಂಕಲನ, ಒಂದು ಆತ್ಮಕಥನ ಓದುತ್ತೇನೆ ಎಂದಿಟ್ಟುಕೊಳ್ಳಿ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಅಧ್ಯಾಪಕರ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ಇಪ್ಪತ್ತರ ಆಸುಪಾಸಿನ ಓದುಗರಿಗೆ ಇಷ್ಟೊಂದು ಶಿಸ್ತನ್ನು ಹೇಳಿಕೊಡುವುದು ಸರಿಯೇ ಎಂಬ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಆ ವಯಸ್ಸಿನಲ್ಲಿ ಓದುಗರಿಗೆ ಬೇಕಾದದ್ದು ಹಸಿವು. ನಮ್ಮ ಬಡಾವಣೆಯಲ್ಲೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು; ದಿನಕ್ಕಿಷ್ಟು ಎಂದು ಬಾಡಿಗೆ ಕೊಟ್ಟು ಕಾದಂಬರಿ ತರುತ್ತಿದ್ದೆವು. ಬಾಡಿಗೆ ಏರಬಾರದೆಂದು ರಾತ್ರಿಯೆಲ್ಲ ಓದಿ ಬೆಳಗ್ಗೆ ಹಿಂದಿರುಗಿಸುತ್ತಿದ್ದೆವು. ತ್ರಿವೇಣಿಯವರನ್ನು ಹಿಡಿದರೆ ಅವರ ಎಲ್ಲ ಕಾದಂಬರಿಗಳನ್ನೂ, ಅನಕೃ ಅವರನ್ನು ಹಿಡಿದರೆ ಅಂಗಡಿಯಲ್ಲಿದ್ದ ಅಷ್ಟನ್ನೂ ಮುಗಿಸುತ್ತಿದ್ದೆವು. ಅವುಗಳ ಬಗ್ಗೆ ನಾನು ಒಂದು ಸಾಲನ್ನೂ ಬರೆದವನಲ್ಲ. ಬಹುಪಾಲು ಪುಸ್ತಕಗಳ ಕತೆ ಇಂದು ನೆನಪಿಲ್ಲ. ಆದರೆ ಯಾವುದೇ ಹೊಸ ಕಾದಂಬರಿಯ ಹತ್ತು ಪುಟ ಓದಿದೊಡನೆ ಅದು ನಿಜವಾದ ಬರವಣಿಗೆಯೋ ಅಲ್ಲವೋ ಎಂಬುದು ತಿಳಿಯುತ್ತದೆಯಲ್ಲ, ಆ ಶಕ್ತಿ ಬಂದದ್ದು ಮರೆತುಹೋದ ಆ ರಾಶಿಯಿಂದಲೇ ಎಂದು ನಾನು ನಂಬಿದ್ದೇನೆ. ಮರೆವಿಗೆ ಹೆದರಬೇಡಿ. ಓದಿದ ಪ್ರತಿ ಪುಸ್ತಕಕ್ಕೂ ಬರಹದ ಸುಂಕ ಕಟ್ಟಬೇಕಾಗಿಲ್ಲ.

ಕನ್ನಡದಲ್ಲಿ ಓದುಗ ವರ್ಗ ಹುಟ್ಟಿದ್ದೂ ಹೀಗೆಯೇ ಅಲ್ಲವೇ? ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕಾದಂಬರಿಗಳನ್ನು ತಂದುಕೊಟ್ಟರು. ಗಳಗನಾಥರು ತಾವೇ ಬರೆದು, ಅಚ್ಚು ಹಾಕಿಸಿ, ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಅವನ್ನು ಕೊಂಡ ಜನ ಕತೆಯ ಆಸೆಗೆ ಕೊಂಡರು, ಮುಂದೇನಾಯಿತು ಎಂಬ ಕುತೂಹಲಕ್ಕೆ ಓದಿದರು. ಆ ಆಸೆಯನ್ನು ಕೀಳೆಂದು ಬಗೆಯುವ ಓದು ನನಗೆ ಒಪ್ಪಿಗೆಯಿಲ್ಲ.

ತಡೆದು ಬರೆಯಿರಿ ಎಂಬ ಸಲಹೆಯನ್ನು ಮಾತ್ರ ಪೂರ್ತಿಯಾಗಿ ಒಪ್ಪುತ್ತೇನೆ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಓದಿದ ನಮ್ಮ ತಲೆಮಾರಿಗೆ ಈ ತಡೆ ತಾನಾಗಿಯೇ ಒದಗಿಬಂದಿತ್ತು. 1965ರಲ್ಲಿ ಆರಂಭವಾದ ‘ಸುಧಾ’ ಮನೆಗೆ ಬಂದ ದಿನ ಒಂದು ಕಂತು ಓದಿದರೆ ಮುಂದಿನದಕ್ಕೆ ಒಂದು ವಾರ ಕಾಯಬೇಕು. ಆ ವಾರವಿಡೀ ಮನೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಅದೇ ಮಾತು: ಆ ಹೆಣ್ಣುಮಗಳು ಹಾಗೆ ಮಾಡಬಾರದಿತ್ತು, ಅಪ್ಪ ಸುಮ್ಮನಿರಬಾರದಿತ್ತು ಎಂದು. ‘ಕಸ್ತೂರಿ’ಯ ಪುಸ್ತಕ ವಿಭಾಗದಲ್ಲಿ ಒಂದು ಗ್ರಂಥದ ಸಂಗ್ರಹ ಓದಿ, ಮೂಲ ಪುಸ್ತಕ ಎಲ್ಲಿ ಸಿಗುತ್ತದೆಂದು ಅಲೆದದ್ದೂ ಉಂಟು. ನೀವು ಬರೆದು ಹಂಚಿಕೊಳ್ಳುತ್ತಿರುವುದನ್ನು ನಾವು ಮಾತಾಡಿ ಹಂಚಿಕೊಂಡೆವು. ಮಾತಿಗೆ ಇನ್ನೊಬ್ಬರ ಉತ್ತರ ಕೂಡಲೇ ಸಿಗುತ್ತದೆ ಎಂಬುದು ಅದರ ಹೆಚ್ಚುಗಾರಿಕೆ.

‘ಮಲೆಗಳಲ್ಲಿ ಮದುಮಗಳು’ ಬಗ್ಗೆ ಒಂದು ಮಾತು. ಕಾದಂಬರಿಯೆಂದರೆ ಅಂಗೈ ಮೇಲಿನ ನಾಟಕಶಾಲೆ ಎಂದು ಕುವೆಂಪು ಅವರೇ ಹೇಳಿದ್ದಾರೆ. 2010ರಲ್ಲಿ ಇಲ್ಲಿಯ ರಂಗಾಯಣದ ಬಯಲಿನಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಈ ಕಾದಂಬರಿ ಸುಮಾರು ಒಂಬತ್ತು ಗಂಟೆಗಳ ನಾಟಕವಾಯಿತು. ರಾತ್ರಿ ಶುರುವಾಗಿ ಬೆಳಗಿನವರೆಗೆ ನಡೆದ ಅದನ್ನು ಚಳಿಯಲ್ಲಿ ಕಂಬಳಿ ಹೊದ್ದು ಕುಳಿತು ನೋಡಿದವರಲ್ಲಿ ನಾನೂ ಒಬ್ಬ. ಗುತ್ತಿ, ತಿಮ್ಮಿ, ಐತ, ಪೀಂಚಲು ಇವರ ಮಾತುಗಳನ್ನು ಕಿವಿಯಲ್ಲಿ ಕೇಳಿದ ಮೇಲೆ, ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಪುಸ್ತಕವನ್ನು ಮತ್ತೆ ತೆಗೆದುಕೊಂಡೆ. ಈ ಬಾರಿ ಅದು ಎಲ್ಲಿಯೂ ಭಾರವೆನಿಸಲಿಲ್ಲ. ನೀವು ಸಂಭಾಷಣೆಯ ಪುಟಗಳನ್ನಾದರೂ ಗಟ್ಟಿಯಾಗಿ ಓದಿಕೊಳ್ಳಿ.

ಉತ್ತರ: ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ, ಹಾಸನ ಜಿಲ್ಲೆ

ಹಿರಿಯರಿಬ್ಬರೂ ಓದುವವರ ಕಡೆಯಿಂದ ಹೇಳಿದ್ದಾರೆ. ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡುವವಳ ಕಡೆಯಿಂದ ನಾನು ಒಂದೆರಡು ಮಾತು ಹೇಳಬಯಸುತ್ತೇನೆ. ರಾಜ್ಯದಲ್ಲಿ 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕ ಮೇಲೆ, ದಿನಪತ್ರಿಕೆ ಓದುವ ಹಿರಿಯರಷ್ಟೇ ಬರುತ್ತಿದ್ದ ನಮ್ಮಂಥ ಗ್ರಂಥಾಲಯಗಳಿಗೆ ಮಕ್ಕಳೂ ಬರತೊಡಗಿದರು. ಯಾವ ಮಗುವಿಗೆ ಯಾವ ಪುಸ್ತಕ ಕೊಡಬೇಕು ಎಂಬುದೇ ನನ್ನ ಕೆಲಸದ ಅತಿ ಕಷ್ಟದ ಭಾಗ. ಒಂದು ಪುಸ್ತಕ ಸರಿ ಬೀಳದಿದ್ದರೆ ಆ ಹುಡುಗ ಮುಂದಿನ ವಾರ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಪುಸ್ತಕಗಳ ಬಗ್ಗೆ ಯಾರಾದರೂ ಬರೆದದ್ದನ್ನು ಹುಡುಕಿದರೆ ಸಿಗುವುದು ಹೆಚ್ಚಾಗಿ ಹೊಗಳಿಕೆ: ಅದ್ಭುತ, ಮನಮುಟ್ಟುವ, ಎಲ್ಲರೂ ಓದಲೇಬೇಕಾದ ಎಂಬ ಮಾತುಗಳು. ಇವುಗಳಿಂದ ನನಗೆ ಏನೂ ತಿಳಿಯುವುದಿಲ್ಲ. ಆರಂಭದ ಎಷ್ಟು ಪುಟ ಕಷ್ಟವಾಗುತ್ತದೆ, ಕತೆ ಎಲ್ಲಿಂದ ಓಡತೊಡಗುತ್ತದೆ, ಭಾಷೆ ಯಾವ ಸೀಮೆಯದು, ಅಚ್ಚಿನ ಅಕ್ಷರ ಸಣ್ಣದೋ ದೊಡ್ಡದೋ, ಹದಿನಾಲ್ಕು ವರ್ಷದ ಹುಡುಗಿ ಇದನ್ನು ಒಬ್ಬಳೇ ಓದಬಲ್ಲಳೋ ಅಥವಾ ಜೊತೆಗೊಬ್ಬರು ಕೂರಬೇಕೋ ಎಂಬುದನ್ನು ಬರೆಯುವವರು ಅಪರೂಪ. ತಂಗಿಯೇ, ನೀವು ಬರೆಯುವುದನ್ನು ಖಂಡಿತ ನಿಲ್ಲಿಸಬೇಡಿ. ಒಬ್ಬ ನಿರ್ದಿಷ್ಟ ಓದುಗನನ್ನು ಎದುರಿಗಿಟ್ಟುಕೊಂಡು ಬರೆಯಿರಿ. ನಿಮ್ಮ ‘ಕರ್ವಾಲೊ’ ಟಿಪ್ಪಣಿ ನನ್ನ ಕೈಗೆ ಸಿಕ್ಕಿದ್ದರೆ, ಜೇನುಗೂಡು ಹುಡುಕಿಕೊಂಡು ತರಗತಿ ತಪ್ಪಿಸುವ ಒಬ್ಬ ಹುಡುಗನಿಗೆ ಆ ಪುಸ್ತಕವನ್ನು ಯಾವತ್ತೋ ಕೊಟ್ಟಿರುತ್ತಿದ್ದೆ. ಈ ವಾರವೇ ಕೊಡುತ್ತೇನೆ.

ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಜಿಲ್ಲೆಯ ಲೇಖಕಿಯೆಂಬ ಹೆಮ್ಮೆಯಿಂದ ಹಲವರು ಅವರ ಪುಸ್ತಕ ಕೇಳಿಕೊಂಡು ಬಂದರು. ಪ್ರಶಸ್ತಿಯ ಸುದ್ದಿ ಓದುಗರನ್ನು ಬಾಗಿಲವರೆಗೆ ಕರೆತರುತ್ತದೆ, ನಿಜ. ಆದರೆ ಒಂದು ಕತೆ ಓದಿದ ಹೆಣ್ಣುಮಗಳು ತನ್ನ ನೆರೆಮನೆಯವಳಿಗೆ ಆ ಕತೆಯಲ್ಲಿ ಬರುವ ತಾಯಿಯ ವಿಷಯ ಹೇಳಿದಳಲ್ಲ, ನೆರೆಮನೆಯವಳು ಮರುದಿನ ಬಂದದ್ದು ಅದಕ್ಕಾಗಿ. ಬರಹವೂ ಅಂಥ ಕೆಲಸ ಮಾಡಬೇಕು ಎಂಬುದು ನನ್ನ ಆಸೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಓದಿದ ಎಲ್ಲ ಪುಸ್ತಕಗಳ ಬಗ್ಗೆಯೂ ಬರೆಯುವ ಕ್ರಮವನ್ನು ಬಿಡುತ್ತೇನೆ. ಬರೆಯಲೇಬೇಕೆನಿಸಿದವುಗಳ ಬಗ್ಗೆ ಮಾತ್ರ, ಒಂದು ಎಳೆಯನ್ನು ಹಿಡಿದು, ತಡೆದು ಬರೆಯುತ್ತೇನೆ. ಹುಲಿಯನನ್ನು ಹಿಂಬಾಲಿಸುವ ಸಲಹೆಯಂತೆ ನಿನ್ನೆ ಮೊದಲಿನಿಂದ ಓದತೊಡಗಿದೆ. ನನಗೆ ದಾರಿಯ ವರ್ಣನೆಯಾಗಿ ಕಂಡಿದ್ದ ಭಾಗದಲ್ಲಿ ಗುತ್ತಿಯೂ ನಾಯಿಯೂ ಒಬ್ಬರಿಗಾಗಿ ಒಬ್ಬರು ನಿಲ್ಲುವುದು, ಕಾಯುವುದು, ಕರೆಯುವುದು ಎಷ್ಟೊಂದು ನಡೆಯುತ್ತದೆ! ಲೆಕ್ಕದ ಗುರಿಯನ್ನು ಈ ಕಾದಂಬರಿ ಮುಗಿಯುವವರೆಗೆ ಪೂರ್ತಿ ಬದಿಗಿಟ್ಟಿದ್ದೇನೆ.

ಒಂದು ಉಪಪ್ರಶ್ನೆ ಉಳಿದಿದೆ. ಹೊಸ ಲೇಖಕರೊಬ್ಬರ ಮೊದಲ ಕಥಾ ಸಂಕಲನವನ್ನು ಓದಿದೆ, ಅದು ನನಗೆ ಹಿಡಿಸಲಿಲ್ಲ. ಅದರ ಬಗ್ಗೆ ಬರೆಯುವುದೋ ಸುಮ್ಮನಿರುವುದೋ? ಹಾಗೆಯೇ, ವಿಮರ್ಶೆಗಳನ್ನು ಮೂಲಕೃತಿಗಿಂತ ಮೊದಲು ಓದಬೇಕೋ ಆಮೇಲೋ?

ಉತ್ತರ: ಕನ್ನಡ ಅಧ್ಯಾಪಕ, ಧಾರವಾಡ

ವಿಮರ್ಶೆ ಆಮೇಲೆ, ಸಂಶಯ ಬೇಡ. ನಿಮ್ಮ ಓದು ಒಂದು ಆಕಾರಕ್ಕೆ ಬಂದ ನಂತರ ಓದಿದರೆ ವಿಮರ್ಶಕರೊಡನೆ ವಾದ ಮಾಡಬಹುದು; ಮೊದಲೇ ಓದಿದರೆ ಅವರು ತೋರಿಸಿದ್ದು ಮಾತ್ರ ಕಾಣುತ್ತದೆ.

ಹಿಡಿಸದ ಪುಸ್ತಕದ ಬಗ್ಗೆ ಬರೆಯುವುದು ಕಷ್ಟದ ಕೆಲಸ, ಆದರೆ ಮಾಡಬೇಕಾದ ಕೆಲಸ. ಮೈಸೂರಿನ ಹಿರಿಯರು ಹೇಳಿದ ಹಸಿವಿನ ಮಾತನ್ನು ನಾನು ಒಪ್ಪಿದ್ದೇನೆ. ಬಹಳ ಓದಿದವರಿಗೆ ಮಾತ್ರ ಒಂದು ಪುಸ್ತಕ ಏಕೆ ಸೋತಿತೆಂದು ಹೇಳುವ ಅಧಿಕಾರ ಬರುತ್ತದೆ. ಕನ್ನಡದಲ್ಲಿ ಹೊಸಬರ ಮೊದಲ ಪುಸ್ತಕಕ್ಕೆ ಸಿಗುವುದು ಹೆಚ್ಚಾಗಿ ಬಿಡುಗಡೆಯ ಸಭೆಯ ಪ್ರಶಂಸೆ, ಆಮೇಲೆ ದೀರ್ಘ ಮೌನ. ಇವೆರಡರಿಂದಲೂ ಆ ಲೇಖಕರು ಏನನ್ನೂ ಕಲಿಯಲಾರರು. ಪುಸ್ತಕವನ್ನು ಎದುರಿಗಿಟ್ಟುಕೊಂಡು, ಯಾವ ಕತೆಯ ಯಾವ ತಿರುವಿನಲ್ಲಿ ನಿಮ್ಮ ನಂಬಿಕೆ ಸಡಿಲವಾಯಿತು ಎಂಬುದನ್ನು ಆ ಸಾಲುಗಳ ಸಮೇತ ಬರೆಯಿರಿ. ಲೇಖಕರ ಉದ್ದೇಶವನ್ನು ಊಹಿಸಲು ಹೋಗಬೇಡಿ. ಸಂಕಲನದಲ್ಲಿ ಒಂದು ಕತೆಯಾದರೂ, ಒಂದು ಕತೆಯ ಒಂದು ಸಂಭಾಷಣೆಯಾದರೂ ಚೆನ್ನಾಗಿದ್ದರೆ ಅದನ್ನೂ ಅಷ್ಟೇ ನಿಖರವಾಗಿ ತೋರಿಸಿ. ಬರೆದದ್ದನ್ನು ಕೆಲವು ದಿನ ಇಟ್ಟು, ಆ ಲೇಖಕರ ಮುಂದೆ ಕುಳಿತು ಗಟ್ಟಿಯಾಗಿ ಓದಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಸಾಧ್ಯವೆನಿಸಿದರೆ ಹಂಚಿಕೊಳ್ಳಿ, ಇಲ್ಲವೆನಿಸಿದರೆ ಯಾವ ವಾಕ್ಯವನ್ನು ಅವರೆದುರು ಓದಲಾರಿರೋ ಅದನ್ನು ತಿದ್ದಿ.